ಬೆಳಕಿನ ಬಾಲ

ಸಂಸ್ಥೆಯಲ್ಲಿ ಅವರಿಗೆ ಇದ್ದ ಹೆಸರು ಕತ್ತಲೆ ಮೇಡಂ. ಇಟ್ಟವರು ಯಾರೋ ಗೊತ್ತಿಲ್ಲ, ಗೇಟಿನ ಕಾವಲುಗಾರನಿಂದ ಹಿಡಿದು ನಿರ್ದೇಶಕರವರೆಗೆ ಎಲ್ಲರ ಬಾಯಲ್ಲೂ ಅದೇ. ನೆಲಮಾಳಿಗೆಯ ಕೊನೆಯ ಕೋಣೆ ಅವರದು. ಸೂರಿನ ಹತ್ತಿರವಿದ್ದ ಪುಟ್ಟ ಕಿಟಕಿಗಳಿಗೆ ಕಪ್ಪು ಬಣ್ಣ ಬಳಿದು, ಅದರ ಮೇಲೆ ಕಪ್ಪು ಬಟ್ಟೆ ಇಳಿಬಿಟ್ಟು, ಬಾಗಿಲ ಸಂದಿಗೂ ಕಪ್ಪು ಟೇಪು ಅಂಟಿಸಿಬಿಟ್ಟಿದ್ದರು. ಹೊಸಬರು ಒಳಗೆ ಕಾಲಿಟ್ಟರೆ ಮೊದಲು ಮೊಣಕಾಲಿಗೆ ಪೆಟ್ಟು, ಆಮೇಲೆ ನಮಸ್ಕಾರ.

"ಬೆಳಕಿನ ಮೇಲೆ ಕೆಲಸ ಮಾಡೋರು ಇಷ್ಟು ಕತ್ತಲಲ್ಲಿ ಯಾಕೆ ಕೂತಿರ್ತೀರಿ ಮೇಡಂ?" ಎಂದು ಮೊಣಕಾಲು ಉಜ್ಜಿಕೊಳ್ಳುತ್ತಾ ಆಫೀಸಿನ ಗುಮಾಸ್ತ ಒಮ್ಮೆ ಕೇಳಿದ.

"ಸಂತೆಯಲ್ಲಿ ನಿಂತು ಪಿಸುಮಾತು ಕೇಳಿಸಿಕೊಳ್ಳೋಕಾಗುತ್ತೇನಪ್ಪ?" ಎಂದರು ಅವರು.

ಅವರು ಕಾಯುತ್ತಿದ್ದುದು ನಿಜಕ್ಕೂ ಪಿಸುಮಾತಿಗೇ. ಬಣ್ಣದ ವಸ್ತುವಿನ ಅಣುವೊಂದರ ಮೇಲೆ ಬೆಳಕು ಬಿದ್ದರೆ ಅದು ಆ ಬೆಳಕನ್ನು ನುಂಗುತ್ತದೆ. ರೆಪ್ಪೆ ಬಡಿಯುವ ಹೊತ್ತಿನಲ್ಲಿ ಕೋಟಿಗೊಂದು ಪಾಲಿನಷ್ಟು ಕಾಲ ಇಟ್ಟುಕೊಳ್ಳುತ್ತದೆ. ಆಮೇಲೆ ಬೇರೆ ಬಣ್ಣದ ಬೆಳಕಾಗಿ ಹಿಂದಕ್ಕೆ ಕೊಡುತ್ತದೆ, ಇಲ್ಲವೇ ಬಿಸಿಯಾಗಿ ಸುತ್ತಲಿನ ದ್ರಾವಕಕ್ಕೆ ಬಿಟ್ಟುಬಿಡುತ್ತದೆ. ಯಾವ ಅಣು ಎಷ್ಟು ಹೊತ್ತು ಇಟ್ಟುಕೊಳ್ಳುತ್ತದೆ, ಯಾಕೆ ಕೊಡುತ್ತದೆ, ಯಾಕೆ ಕೊಡುವುದಿಲ್ಲ ಅನ್ನುವುದರಲ್ಲೇ ಅವರ ಕೂದಲು ಬೆಳ್ಳಗಾಯಿತು.

ಆ ಹುಚ್ಚು ಹತ್ತಿದ್ದು ಚಿಕ್ಕಂದಿನಲ್ಲಿ. ತಂದೆಗೆ ಬಸ್ ನಿಲ್ದಾಣದ ಎದುರು ಒಂದು ಫೋಟೋ ಸ್ಟುಡಿಯೋ ಇತ್ತು. ಮುಂದಿನ ಕೋಣೆಯಲ್ಲಿ ಒಂದು ಸ್ಟೂಲು, ಪರದೆ, ಬಾಚಣಿಗೆ, ಕನ್ನಡಿ. ಹಿಂದೆ ಕೆಂಪು ದೀಪದ ಕೋಣೆ. ತಟ್ಟೆಯ ಮದ್ದಿನ ನೀರಿನಲ್ಲಿ ಬಿಳಿ ಕಾಗದ ಮುಳುಗಿಸಿದರೆ ಮೊದಲು ಹುಬ್ಬು, ಆಮೇಲೆ ಕಣ್ಣು, ಕೊನೆಗೆ ಪೂರ್ತಿ ಮುಖ ಮೂಡುವುದನ್ನು ಹುಡುಗಿ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದಳು.

"ಅಪ್ಪಾ, ಬಿಳೀ ದೀಪ ಹಾಕಿದ್ರೆ ಕಾಗದ ಹಾಳಾಗುತ್ತೆ. ಕೆಂಪು ದೀಪಕ್ಕೆ ಯಾಕೆ ಏನೂ ಆಗಲ್ಲ?"

"ಕೆಂಪಿಗೆ ಅಷ್ಟು ಕಸುವಿಲ್ಲ ಮಗಳೇ."

"ಕಸುವು ಅಂದ್ರೆ?"

"ಅದು ನಂಗೆ ಗೊತ್ತಿದ್ದಿದ್ರೆ ಊರೋರ ಮುಖ ಎಲ್ಲಾ ತೊಳೀತಾ ಇಲ್ಲಿ ಯಾಕೆ ಕೂತಿರ್ತಿದ್ದೆ?"

ಗೊತ್ತಿದ್ದವರನ್ನು ಹುಡುಕಿಕೊಂಡು ಹೊರಟ ಹುಡುಗಿ ಕೊನೆಗೆ ಬಂದು ನಿಂತದ್ದು ಮೇಷ್ಟ್ರ ಮುಂದೆ. ಮೇಷ್ಟ್ರೆಂದರೆ ಆ ಕಾಲಕ್ಕೆ ಬೆಳಕಿನ ರಸಾಯನಶಾಸ್ತ್ರದಲ್ಲಿ ದೊಡ್ಡ ಹೆಸರು. ಕುಳ್ಳು ಮನುಷ್ಯ, ಬಾಯಿ ತೆರೆದರೆ ಬೈಗುಳ, ಕೈಯಲ್ಲಿ ಸದಾ ಆರಿದ ಸಿಗರೇಟು. ಗಾಜಿನ ಪಾತ್ರೆ ತೊಳೆಯುವುದನ್ನು ಕಲಿಸುವುದರಲ್ಲೇ ಅವರು ಮೊದಲ ವರ್ಷ ಕಳೆದರು. "ನಮ್ಮ ಕೆಲಸದಲ್ಲಿ ಕೊಳೆ ಅನ್ನೋದು ಕಣ್ಣಿಗೆ ಕಾಣಲ್ಲಮ್ಮ. ಕಂಡಿದ್ರೆ ಅದು ಕೊಳೆ ಅಲ್ಲ, ಬರೀ ಮಣ್ಣು" ಎನ್ನುತ್ತಿದ್ದರು. ಬೈಸಿಕೊಂಡು ಅತ್ತು ಮನೆಗೆ ಹೋದ ವಿದ್ಯಾರ್ಥಿಗಳೇ ಹೆಚ್ಚು. ಈಕೆ ಅಳಲಿಲ್ಲ, ಪಾತ್ರೆ ತೊಳೆದಳು. ಮೇಷ್ಟ್ರಿಗೆ ಅದೇ ಹಿಡಿಸಿತು.

ಡಿಗ್ರಿ ಮುಗಿದು ಸಂಸ್ಥೆಯಲ್ಲಿ ಕೆಲಸ ಸಿಕ್ಕಿ, ನೆಲಮಾಳಿಗೆಯ ಆ ಕೋಣೆ ತನ್ನದಾದ ಮೇಲೆ ಮೇಡಂ ಒಂದು ಯಂತ್ರ ಕಟ್ಟಿದರು. ಹಳೆಯ ಲೇಸರ್ ಒಂದು, ಬೇರೆ ವಿಭಾಗದವರು ಮೂಲೆಗೆಸೆದ ಬೆಳಕಿನ ಅಳತೆ ಕೊಳವೆ ಒಂದು, ಅಲ್ಲಿಂದ ಇಲ್ಲಿಂದ ಬೇಡಿ ತಂದ ಕನ್ನಡಿಗಳು. ದ್ರಾವಣಕ್ಕೆ ಬೆಳಕಿನ ಒಂದು ಚುಚ್ಚು ಕೊಟ್ಟರೆ, ಅದು ಹಿಂದಿರುಗಿಸುವ ಹೊಳಪು ಎಷ್ಟು ಬೇಗ ಸಾಯುತ್ತದೆ ಅನ್ನುವುದು ಪರದೆಯ ಮೇಲೆ ಇಳಿಜಾರಿನ ಗೆರೆಯಾಗಿ ಬರುತ್ತಿತ್ತು. ಒಂದು ಮಧ್ಯಾಹ್ನ ಹಳದಿ ಬಣ್ಣದ ಒಂದು ವಸ್ತುವನ್ನು ಇಟ್ಟು ನೋಡುತ್ತಿದ್ದಾಗ ಗೆರೆ ಎಂದಿನಂತೆ ಇಳಿಯಿತು. ಆದರೆ ಪೂರ್ತಿ ತಳ ಮುಟ್ಟಲಿಲ್ಲ. ಕೆಳಗೆ ಸಣ್ಣಗೆ, ಬಲಗಡೆಗೆ ಉದ್ದಕ್ಕೆ ಎಳೆದುಕೊಂಡು ಹೋಯಿತು. ಹೊಳಪು ಸತ್ತ ಮೇಲೂ ಏನೋ ಮಂಕಾಗಿ ಉರಿಯುತ್ತಲೇ ಇತ್ತು.

ಅದಕ್ಕೆ ಬಾಲ ಎಂದು ಹೆಸರಾಯಿತು.

ಮೇಡಂ ತಿಂಗಳುಗಟ್ಟಲೆ ಆ ಬಾಲದ ಹಿಂದೆ ಬಿದ್ದರು. ದ್ರಾವಣದಲ್ಲಿ ಬಣ್ಣ ಹೆಚ್ಚು ಮಾಡಿದರೆ ಬಾಲವೂ ದಪ್ಪವಾಗುತ್ತಿತ್ತು, ಕಡಿಮೆ ಮಾಡಿದರೆ ಸಣ್ಣದಾಗುತ್ತಿತ್ತು. ಅದರಿಂದ ಅವರಿಗೊಂದು ಅರ್ಥ ಹೊಳೆಯಿತು. ಬೆಳಕು ನುಂಗಿದ ಒಂದು ಅಣು, ನುಂಗದ ಇನ್ನೊಂದು ಅಣುವಿಗೆ ಹೋಗಿ ಅಂಟಿಕೊಳ್ಳುತ್ತದೆ. ಎರಡೂ ಸೇರಿ ಆ ಬೆಳಕನ್ನು ಹಂಚಿಕೊಂಡು, ಅವಸರವಿಲ್ಲದೆ, ನಿಧಾನವಾಗಿ ಹೊರಬಿಡುತ್ತವೆ. ಬಣ್ಣ ಹೆಚ್ಚಿದ್ದರೆ ಜೋಡಿಗಳೂ ಹೆಚ್ಚು, ಬಾಲವೂ ದಪ್ಪ. ಈ ಬಗೆಯ ವಸ್ತುವಿನಲ್ಲಿ ಅಂಥ ಜೋಡಿಯನ್ನು ಯಾರೂ ಕಂಡಿರಲಿಲ್ಲ.

ಮೇಷ್ಟ್ರು ಸ್ವತಃ ಮೆಟ್ಟಿಲಿಳಿದು ಬಂದರು. ಮೊಣಕಾಲಿಗೆ ಪೆಟ್ಟು ಮಾಡಿಕೊಂಡು, ಬೈದು, ಪರದೆಗೆ ಮೂಗು ತಾಗುವಷ್ಟು ಬಾಗಿ ನೋಡಿದರು.

"ಬಣ್ಣ ಹಾಕದೆ ಬರೀ ದ್ರಾವಕ ಇಟ್ಟು ನೋಡಿದೆಯಾ?"

"ನೋಡಿದೆ ಸರ್. ಬಾಲ ಇಲ್ಲ."

ಮೇಷ್ಟ್ರು ಅವರ ಮುಖವನ್ನೇ ನೋಡಿದರು. ಇನ್ನೇನೋ ಕೇಳುವವರಂತೆ ಬಾಯಿ ತೆರೆದು, "ಸರಿ ಹಾಗಾದ್ರೆ" ಎಂದಷ್ಟೇ ಹೇಳಿ ಬೆನ್ನು ತಟ್ಟಿದರು. ಆ ಪ್ರಬಂಧ ಇಬ್ಬರ ಹೆಸರಿನಲ್ಲೂ ಅಚ್ಚಾಯಿತು. ಒಂದಷ್ಟು ಕಡೆ ಮಾತಾಡಲು ಕರೆ ಬಂತು. ಪಠ್ಯಪುಸ್ತಕವೊಂದರ ಅಡಿಟಿಪ್ಪಣಿಯಲ್ಲಿ ಬಾಲಕ್ಕೆ ಜಾಗ ಸಿಕ್ಕಿತು. ತಂದೆ ಆ ಪುಟವನ್ನು ಫೋಟೋ ತೆಗೆದು, ದೊಡ್ಡದು ಮಾಡಿ, ಸ್ಟುಡಿಯೋದ ಗೋಡೆಗೆ ಮದುಮಕ್ಕಳ ಚಿತ್ರಗಳ ನಡುವೆ ತೂಗುಹಾಕಿದರು. ಗಿರಾಕಿಗಳು ಅದು ಏನೆಂದು ಕೇಳಿದರೆ ಅವರಿಗೆ ಹೇಳಲು ಬರುತ್ತಿರಲಿಲ್ಲ. ಕೇಳಲಿ ಎಂಬ ಆಸೆಯಂತೂ ಇತ್ತು.

ಮದುವೆಯಾದದ್ದು ಬಸ್ ಡಿಪೋದಲ್ಲಿ ವೇಳಾಪಟ್ಟಿ ಹಾಕುವ ಒಬ್ಬರನ್ನು. ಸಮಾಧಾನದ ಆಸಾಮಿ. ಹೆಂಡತಿಯ ಕೆಲಸ ಅವರಿಗೆ ಅರ್ಥವಾದದ್ದು ತಮ್ಮದೇ ರೀತಿಯಲ್ಲಿ.

"ಅಲ್ವೇ, ನಿನ್ನ ಬೆಳಕು ಸೆಕೆಂಡಿನ ಕೋಟಿ ಪಾಲಲ್ಲಿ ಒಂದಿಷ್ಟು ತಡವಾಗಿ ಬಂತು ಅಂತ ಪುಸ್ತಕದಲ್ಲಿ ಹಾಕ್ತಾರೆ. ನಮ್ಮ ಬಸ್ಸು ಅರ್ಧ ದಿನ ತಡ ಆದ್ರೂ ಯಾರೂ ಒಂದು ಸಾಲು ಬರೆಯಲ್ವಲ್ಲ?"

"ನಿಮ್ಮದು ಯಾಕೆ ತಡ ಅಂತ ಎಲ್ಲರಿಗೂ ಗೊತ್ತು ಕಣ್ರೀ."

ದಿನಾ ಸಂಜೆ ಬಾಗಿಲು ತೆಗೆಯುವಾಗ ಅವರು ಕೇಳುತ್ತಿದ್ದ ಮೊದಲ ಮಾತು, "ಬಾಲ ಹೇಗಿದೆ?" ಮಕ್ಕಳಾಗಲಿಲ್ಲ. ಒಮ್ಮೆ ಆಗುವುದರಲ್ಲಿತ್ತು, ಕೈಜಾರಿತು. ಮೇಡಂ ಒಂದಷ್ಟು ದಿನ ಗೋಡೆ ನೋಡುತ್ತಾ ಮಲಗಿದ್ದು, ಒಂದು ಬೆಳಿಗ್ಗೆ ಎದ್ದು ನೆಲಮಾಳಿಗೆಗೆ ಹೋಗಿ ಯಂತ್ರದ ಮುಂದೆ ಕೂತರು. ಬಾಲ ಅಲ್ಲೇ ಇತ್ತು. ಎಲ್ಲ ಕೈಕೊಟ್ಟರೂ ಇದೊಂದು ಕೈಕೊಡುವುದಿಲ್ಲ ಎಂದು ಅಂದು ಅವರಿಗೆ ಅನ್ನಿಸಿದ್ದುಂಟು. ಆ ವಿಷಯ ಗಂಡ ಹೆಂಡತಿ ಮತ್ತೆ ಎತ್ತಲಿಲ್ಲ.

ಹೀಗೆ ಎಷ್ಟೋ ವರ್ಷ ಹೋಯಿತು. ನಡುವೆ ದೂರದ ದೇಶದ ತಂಡವೊಂದು, ತಮಗೆ ಬಾಲ ಕಾಣಲಿಲ್ಲ ಎಂದು ಬರೆಯಿತು. ದೊಡ್ಡ ಸಭೆಯೊಂದರಲ್ಲಿ ಯಾರೋ ಆ ಮಾತೆತ್ತಿದಾಗ ಮೇಡಂ, "ಅವರಿಗೆ ಪಾತ್ರೆ ತೊಳೆಯೋಕೆ ಬರೋದಿಲ್ಲವೇನೋ, ನಮ್ಮ ಮೇಷ್ಟ್ರ ಹತ್ತಿರ ಒಂದು ವರ್ಷ ಇರಲಿ" ಎಂದರು. ಸಭೆ ಗೊಳ್ಳೆಂದು ನಕ್ಕಿತು. ಮುಂದಿನ ಸಾಲಿನಲ್ಲಿದ್ದ ಮೇಷ್ಟ್ರು ಮಾತ್ರ ಕೈಯಲ್ಲಿದ್ದ ಸಿಗರೇಟನ್ನು ನೋಡಿಕೊಂಡು ಕೂತಿದ್ದರು.

ನಿವೃತ್ತಿಗೆ ಇನ್ನು ಕೆಲವು ವರ್ಷ ಇದೆ ಅನ್ನುವಾಗ ಡಾಕ್ಟರೇಟಿಗೆಂದು ಬಂದವಳು ಏಣಿ. ಕಪಾಟಿನ ಮೇಲಿನ ಅರೆಯನ್ನು ಕುರ್ಚಿಯಿಲ್ಲದೆ ಮುಟ್ಟುತ್ತಿದ್ದಳಾದ್ದರಿಂದ ಲ್ಯಾಬಿನವರು ಇಟ್ಟ ಹೆಸರು. ಹೊಲಿಗೆ ಅಂಗಡಿಯವಳ ಒಬ್ಬಳೇ ಮಗಳು. ಅಪ್ಪ ಇಲ್ಲ. ಅಮ್ಮನ ಸೂಜಿಯ ಬಲದಲ್ಲೇ ಇಷ್ಟು ಓದಿದ್ದಳು. ಕೈ ಬಹಳ ಶುದ್ಧ. ಪಾತ್ರೆ ತೊಳೆಯುವುದನ್ನು ನೋಡಿಯೇ ಮೇಡಂ ಅವಳನ್ನು ಮೆಚ್ಚಿಕೊಂಡರು. ಬಾಲವನ್ನು ಪೂರ್ತಿಯಾಗಿ ಅವಳ ಕೈಗೇ ಕೊಟ್ಟರು. ಯಾವ ಬಿಸಿಯಲ್ಲಿ ಅದು ಹೇಗಿರುತ್ತದೆ, ಯಾವ ದ್ರಾವಕದಲ್ಲಿ ಎಷ್ಟು ಉದ್ದ, ಎಲ್ಲವನ್ನೂ ಅಳೆದು ಅವಳು ತನ್ನ ಪ್ರಬಂಧ ಕಟ್ಟಿದಳು. ಕಾಲೇಜೊಂದರಲ್ಲಿ ಪಾಠ ಹೇಳುವ ಕೆಲಸವೂ ನಿಕ್ಕಿಯಾಯಿತು. ಡಿಗ್ರಿ ಕೈಗೆ ಬಂದ ದಿನವೇ ಸೇರಿಕೊಳ್ಳಬಹುದು ಎಂದಿದ್ದರು. ಉಳಿದದ್ದು ಕೊನೆಯ ಅಧ್ಯಾಯದ ಒಂದಿಷ್ಟು ಅಳತೆ ಮಾತ್ರ.

ಆಗ ಉಗ್ರಾಣದಲ್ಲಿ ರಬ್ಬರ್ ಬಿರಡೆ ಮುಗಿದುಹೋಯಿತು.

ಗಾಳಿಯಲ್ಲಿರುವ ಆಮ್ಲಜನಕ ಇಂಥ ಹೊಳಪನ್ನು ತಿಂದುಹಾಕುತ್ತದೆ. ಅದಕ್ಕೇ ದ್ರಾವಣದ ಶೀಸೆಗೆ ರಬ್ಬರ್ ಬಿರಡೆ ಬಿಗಿದು, ಅದಕ್ಕೊಂದು ಸೂಜಿ ಚುಚ್ಚಿ, ಒಳಗೆ ಸಾರಜನಕದ ಗುಳ್ಳೆ ಬಿಟ್ಟು ಆಮ್ಲಜನಕವನ್ನು ಓಡಿಸುತ್ತಿದ್ದರು. ಬಿರಡೆ ಇಲ್ಲದ್ದಕ್ಕೆ ಏಣಿ ಗಾಜಿನ ಮುಚ್ಚಳ, ಗಾಜಿನ ಕೊಳವೆ ಇಟ್ಟು ಅದೇ ಕೆಲಸ ಮಾಡಿದಳು. ಬಾಲ ಬರಲಿಲ್ಲ. ಮತ್ತೆ ಮಾಡಿದಳು. ಬರಲಿಲ್ಲ.

ಮೇಡಂಗೆ ಹೇಳಲು ಅವಳಿಗೆ ಬಾಯಿ ಬರಲಿಲ್ಲ. ಅಂತೂ ಒಂದು ದಿನ ಹೇಳಿದಾಗ ಮೇಡಂ ಕೆಂಡವಾದರು.

"ಕೊನೇ ಹೊತ್ತಿಗೆ ಕೈ ಸಡಿಲ ಬಿಡ್ತಾ ಇದ್ದೀಯ. ಕೆಲಸ ಸಿಕ್ತು ಅಂತ ಮನಸ್ಸೆಲ್ಲಾ ಆ ಕಾಲೇಜಲ್ಲಿದೆ."

"ಇಲ್ಲ ಮೇಡಂ. ಎಲ್ಲಾ ಮೊದಲಿನ ಥರಾನೇ ಮಾಡಿದೀನಿ."

"ಮೊದಲಿನ ಥರ ಮಾಡಿದ್ರೆ ಮೊದಲಿನ ಥರ ಬರ್ಬೇಕಲ್ಲ? ಹೋಗು, ಇನ್ನೊಂದ್ಸಲ ಮಾಡು."

ಇನ್ನೊಂದು ಸಲ, ಮತ್ತೊಂದು ಸಲ ಎಂದು ತಿಂಗಳುಗಳು ಉರುಳಿದವು. ಹುಡುಗಿಯ ಕೆನ್ನೆ ಒಳಕ್ಕೆ ಹೋಯಿತು. ಕಾಲೇಜಿನವರು ಎಷ್ಟು ದಿನ ಅಂತ ಕಾಯುತ್ತಾರೆ ಎಂದು ಅಮ್ಮ ದಿನಾ ಫೋನು ಮಾಡುತ್ತಿದ್ದಳು. ಒಂದು ದಿನ ಏಣಿ ಪಾತ್ರೆ ತೊಳೆಯುವ ತೊಟ್ಟಿಯ ಮುಂದೆ, ನಲ್ಲಿ ಬಿಟ್ಟುಕೊಂಡು, ಅದರ ಸದ್ದಿನ ಮರೆಯಲ್ಲಿ ಅಳುತ್ತಿದ್ದುದನ್ನು ಮೇಡಂ ಬಾಗಿಲಿನಿಂದ ನೋಡಿದರು. ಆಮೇಲೆ ಅವಳನ್ನು ಕರೆದು, "ನೀನು ಒಂದು ವಾರ ಅಮ್ಮನ ಹತ್ತಿರ ಇದ್ದು ಬಾ. ನಾನೇ ಮಾಡ್ತೀನಿ" ಎಂದು ಕಳಿಸಿಕೊಟ್ಟರು.

ಅವರೇ ಮಾಡಿದರು. ಪಾತ್ರೆಯನ್ನು ತಾವೇ ತೊಳೆದರು, ಬಣ್ಣವನ್ನು ತಾವೇ ತೂಗಿದರು, ಗಾಜಿನ ಮುಚ್ಚಳ ಹಾಕಿದರು. ಗೆರೆ ನೆಟ್ಟಗೆ ಇಳಿದು ತಳ ಮುಟ್ಟಿತು. ಬಾಲವಿರಲಿಲ್ಲ.

ಅಷ್ಟರಲ್ಲಿ ಉಗ್ರಾಣಕ್ಕೆ ಬಿರಡೆ ಬಂದಿತ್ತು. ಒಂದನ್ನು ತಂದು ಬಿಗಿದರು. ಬಾಲ ಬಂತು.

ಮೇಡಂ ಬಹಳ ಹೊತ್ತು ಆ ಬಿರಡೆಯನ್ನು ಬೆರಳ ನಡುವೆ ಹಿಡಿದುಕೊಂಡು ಕೂತರು. ಆಮೇಲೆ ಬಣ್ಣವನ್ನೇ ಹಾಕದೆ, ಬರೀ ದ್ರಾವಕವನ್ನು ಶೀಸೆಗೆ ತುಂಬಿ, ರಬ್ಬರ್ ಬಿರಡೆ ಹಾಕಿ, ಗುಳ್ಳೆ ಬಿಡುತ್ತಾ ಊಟದ ಹೊತ್ತು ಮುಗಿಯುವವರೆಗೆ ಇಟ್ಟರು. ಅವರು ಊಟ ಮಾಡಲಿಲ್ಲ. ಮಧ್ಯಾಹ್ನದ ಮೇಲೆ ಅದನ್ನು ಯಂತ್ರಕ್ಕಿಟ್ಟರು. ಜೋಡಿಯಾಗಲು ಒಳಗೆ ಒಂದು ಅಣು ಬಣ್ಣವೂ ಇಲ್ಲದ ಆ ನೀರಿನಂಥ ದ್ರಾವಕದಲ್ಲಿ ಬಾಲ ಉದ್ದಕ್ಕೆ, ಮಟ್ಟಸವಾಗಿ, ಎಂದಿನ ಚೆಲುವಿನಲ್ಲೇ ಮೂಡಿತು.

ಎಲ್ಲವೂ ಒಂದೇ ಏಟಿಗೆ ತಿಳಿಯಿತು. ರಬ್ಬರಿನಲ್ಲಿ ಬೆರೆಸಿದ ಯಾವುದೋ ವಸ್ತು ದ್ರಾವಕದ ಆವಿಗೆ ಕರಗಿ ಕೆಳಗಿಳಿಯುತ್ತಿತ್ತು, ಮಂಕಾಗಿ ಹೊಳೆಯುತ್ತಿದ್ದುದು ಅದೇ. ಬರೀ ದ್ರಾವಕವನ್ನು ಅವರು ಸದಾ ಪರೀಕ್ಷಿಸುತ್ತಿದ್ದರು ನಿಜ. ಆದರೆ ಅದರಲ್ಲಿ ಕರಗಿಸಲು ಏನೂ ಇಲ್ಲವಲ್ಲ ಎಂದು ಆಗಿಂದಾಗಲೇ ಅಳೆದುಬಿಡುತ್ತಿದ್ದರು. ಬಣ್ಣ ಹಾಕಿದ್ದು ಕರಗಲು ಹೊತ್ತು ಬೇಕು, ಹೆಚ್ಚು ಬಣ್ಣಕ್ಕೆ ಹೆಚ್ಚು ಹೊತ್ತು. ಅಷ್ಟು ಹೊತ್ತೂ ಅದು ಬಿರಡೆಯ ಕೆಳಗಿರುತ್ತಿತ್ತು. ಬಣ್ಣ ಹೆಚ್ಚಿದಂತೆ ಬಾಲ ದಪ್ಪವಾಗುತ್ತಿದ್ದುದು ಅದಕ್ಕೆ. ಅಂಟಿಕೊಂಡ ಅಣುಗಳಿರಲಿಲ್ಲ, ಹಂಚಿಕೊಂಡ ಬೆಳಕಿರಲಿಲ್ಲ. ಅವರು ಆಯುಸ್ಸನ್ನೆಲ್ಲಾ ಹಾಕಿ ಅಳೆದದ್ದು ಒಂದು ಬಿರಡೆಯ ಕೊಳೆಯನ್ನು.

ಆ ಸಂಜೆ ಗಂಡ ಬಾಗಿಲು ತೆಗೆದು, "ಬಾಲ ಹೇಗಿದೆ?" ಎಂದರು.

"ಇರಲೇ ಇಲ್ಲ" ಎಂದು ಹೇಳಿ ಮೇಡಂ ಚಪ್ಪಲಿ ಕಳಚದೆ ಒಳಗೆ ಹೋಗಿ ಕೂತರು.

ಗಂಡನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಟೀ ಮಾಡಿ ತಂದು ಮುಂದಿಟ್ಟು, "ಮೇಷ್ಟ್ರಿಗೆ ಹೇಳಿದೆಯಾ?" ಎಂದರು. ಆ ದಿನದಿಂದ ಬಾಗಿಲು ತೆಗೆಯುವಾಗ ಏನು ಕೇಳಬೇಕೆಂದು ಅವರಿಗೆ ತೋಚಲಿಲ್ಲ. ಸುಮ್ಮನೆ ಪಕ್ಕಕ್ಕೆ ಸರಿದು ದಾರಿ ಬಿಡುತ್ತಿದ್ದರು.

ಮೇಷ್ಟ್ರು ಆಗ ಹಾಸಿಗೆ ಹಿಡಿದಿದ್ದರು. ಶ್ವಾಸಕೋಶ ಸೋತಿತ್ತು. ಮೂಗಿಗೆ ಕೊಳವೆ, ಪಕ್ಕದಲ್ಲಿ ಗುರುಗುಡುವ ಆಮ್ಲಜನಕದ ಯಂತ್ರ. "ಜೀವಮಾನವಿಡೀ ಆಮ್ಲಜನಕ ಓಡಿಸಿದ್ದಕ್ಕೆ ಈಗ ಬಡ್ಡಿ ಸಮೇತ ಕುಡಿಸ್ತಾ ಇದಾರೆ ನೋಡು" ಎಂದು ನಗಲು ಹೋಗಿ ಕೆಮ್ಮಿದರು. ಮೇಡಂ ಮಂಚದ ಅಂಚಿಗೆ ಕೂತು, ಬಿರಡೆಯಿಂದ ಶುರುಮಾಡಿ ಎಲ್ಲವನ್ನೂ ಹೇಳಿದರು. ಬೈಗುಳಕ್ಕೆ ಕಾದರು. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಮೇಷ್ಟ್ರು ಚಾವಣಿ ನೋಡುತ್ತಾ ಹೇಳಿದರು. "ನಂಗೆ ಅನುಮಾನ ಇತ್ತಮ್ಮ."

"ಯಾವಾಗಿಂದ ಸರ್?"

"ಮೊದಲನೇ ದಿನದಿಂದ. ಬರೀ ದ್ರಾವಕ ಎಷ್ಟು ಹೊತ್ತು ಇಟ್ಟು ನೋಡಿದೆ ಅಂತ ಕೇಳೋಣ ಅಂತ ಬಾಯಿವರೆಗೆ ಬಂತು. ಕೇಳಲಿಲ್ಲ."

"ಯಾಕೆ ಕೇಳಲಿಲ್ಲ?"

"ನಿನ್ನ ಮುಖ ಹಾಗಿತ್ತು. ಅಷ್ಟು ಸಂತೋಷ ನಾನು ಯಾರ ಮುಖದಲ್ಲೂ ನೋಡಿರಲಿಲ್ಲ. ನಾಳೆ ಕೇಳೋಣ ಅಂದ್ಕೊಂಡೆ." ಉಸಿರೆಳೆದುಕೊಳ್ಳಲು ಮಾತು ನಿಲ್ಲಿಸಿದರು. "ಆಮೇಲೆ ನನ್ನ ಹೆಸರೂ ಅದರ ಮೇಲೆ ಬಂತಲ್ಲ. ಆಗ ನಂಗೂ ಅದು ನಿಜ ಆಗ್ಬೇಕಿತ್ತು."

ಮೇಡಂ ಎದ್ದರು. ಕೋಪ ಬಂದಿತ್ತು, ಆದರೆ ಮೂಗಿನಲ್ಲಿ ಕೊಳವೆ ಇಟ್ಟುಕೊಂಡು ಮಲಗಿದ ಮುದುಕನ ಮೇಲೆ ಅದನ್ನು ತೀರಿಸಿಕೊಳ್ಳುವುದು ಹೇಗೆ? ಹೊದಿಕೆ ಸರಿಮಾಡಿ, "ಬರ್ತೀನಿ ಸರ್" ಎಂದು ಹೊರಟರು. ಮೇಷ್ಟ್ರು ಬಹಳ ದಿನ ಉಳಿಯಲಿಲ್ಲ. ಮೇಡಂ ಮತ್ತೆ ಆ ಮನೆಗೆ ಹೋದದ್ದು ಹೆಣ ನೋಡಲು.

ಅದಕ್ಕಿಂತ ಕಷ್ಟದ್ದು ಏಣಿಯ ಮುಂದೆ ಕೂರುವುದು. ಊರಿಂದ ಬಂದ ಹುಡುಗಿ ಎಲ್ಲವನ್ನೂ ನಿಂತೇ ಕೇಳಿದಳು. ಬಿರಡೆ ಹಾಕಿದ ಶೀಸೆಯನ್ನೊಮ್ಮೆ, ಪರದೆಯನ್ನೊಮ್ಮೆ ನೋಡಿದಳು.

"ಹಾಗಾದ್ರೆ ನನ್ನ ಕೈ ಸರಿ ಇತ್ತು" ಎಂದಳು.

"ಸರಿ ಇತ್ತು. ನಂದು ತಪ್ಪಾಯ್ತು. ನಿನ್ನ ಮೇಲೆ ರೇಗಬಾರದಿತ್ತು."

"ನನ್ನ ಪ್ರಬಂಧ?"

ಉತ್ತರ ಅವಳಿಗೂ ಗೊತ್ತಿತ್ತು. ಪ್ರತಿ ಅಧ್ಯಾಯವೂ ಬಾಲದ ಮೇಲೆ ನಿಂತಿತ್ತು. ಅದನ್ನು ಎಳೆದರೆ ರಟ್ಟು ಮಾತ್ರ ಉಳಿಯುತ್ತಿತ್ತು.

"ಬೇರೆ ವಿಷಯ ತಗೊಳ್ಳೋಣ. ನಾನಿದ್ದೀನಿ. ಹಗಲೂ ರಾತ್ರಿ ಕೂತು ಮಾಡೋಣ" ಎಂದರು ಮೇಡಂ.

"ನೀವು ಇನ್ನು ಎಷ್ಟು ದಿನ ಇರ್ತೀರಿ ಮೇಡಂ ಇಲ್ಲಿ? ಅಮ್ಮನಿಗೆ ಸೂಜಿಗೆ ದಾರ ಪೋಣಿಸೋಕೆ ಕಣ್ಣು ಕಾಣ್ತಾ ಇಲ್ಲ. ಪಕ್ಕದ ಮನೆಯವರನ್ನ ಕರೀತಾಳೆ." ಹುಡುಗಿಯ ದನಿ ಏರಲಿಲ್ಲ. "ನಂದು ಒಂದು ಮುಗೀಲಿ. ಆಮೇಲೆ ನೀವು ಹೇಳಿ. ಯಾರಿಗೂ ಗೊತ್ತಿಲ್ಲ ಅಲ್ವಾ? ನೀವು ಬರಿ ಅಂದ್ರೆ ನಾನು ಕೊನೇ ಅಧ್ಯಾಯ ಬರೀತೀನಿ. ಒಂದು ಮಾತು ಹೇಳಿ ಮೇಡಂ, ಬರಿ ಅಂತ."

ಆ ಒಂದು ಮಾತು ಮೇಡಂ ಅವರ ನಾಲಗೆಯ ತುದಿಯಲ್ಲೇ ಇತ್ತು. ಬರಿ ಅಂದುಬಿಡಬಹುದಿತ್ತು. ಯಾರ ಗಂಟೂ ಹೋಗುತ್ತಿರಲಿಲ್ಲ. ಹುಡುಗಿಗೆ ಕೆಲಸ, ತಾಯಿಗೆ ಕನ್ನಡಕ, ತನಗೆ ಒಂದು ಗೌರವದ ನಿವೃತ್ತಿ. ಆದರೆ ಹಾಗೆ ಹೇಳಿದ ಮೇಲೆ ಇವಳು ಬೇರೊಂದು ಕೋಣೆಯಲ್ಲಿ ಬೇರೆ ಮಕ್ಕಳ ಮುಂದೆ ನಿಂತು ಪಾತ್ರೆ ತೊಳೆಯುವುದನ್ನು ಯಾವ ಮುಖದಲ್ಲಿ ಕಲಿಸುತ್ತಾಳೆ ಎಂದೂ ಅನ್ನಿಸಿತು. ಮೇಷ್ಟ್ರು ಕೇಳದೆ ಬಿಟ್ಟ ಒಂದು ಮಾತಿಗೆ ತಾನು ಏನು ತೆತ್ತೆ ಎಂದೂ ಅನ್ನಿಸಿತು. ಹೇಳಬೇಕು, ಹೇಳಬಾರದು ಎಂದು ಅವರು ತೂಗುತ್ತಿದ್ದಾಗ ಹುಡುಗಿ ಕಾದಳು. ಸಾಕಷ್ಟು ಕಾದಳು. ಆಮೇಲೆ ಬ್ಯಾಗು ಹೆಗಲಿಗೇರಿಸಿ, ತನ್ನ ಬಿಳಿ ಕೋಟನ್ನು ಮೊಳೆಗೆ ನೀಟಾಗಿ ತೂಗುಹಾಕಿ ಹೋದಳು. ಮೇಡಂ ಫೋನು ಮಾಡಿದರೆ ಅವಳ ಅಮ್ಮ ಎತ್ತಿ, "ಅವಳು ಮಲಗಿದಾಳೆ" ಎನ್ನುತ್ತಿದ್ದಳು. ಯಾವ ಹೊತ್ತಿನಲ್ಲಿ ಮಾಡಿದರೂ ಅವಳು ಮಲಗಿರುತ್ತಿದ್ದಳು.

ನಿರ್ದೇಶಕರು ಮೇಡಂಗಿಂತ ಎಷ್ಟೋ ಕಿರಿಯರು, ಸೂಟು ತೊಟ್ಟವರು. ಎಲ್ಲವನ್ನೂ ಕೇಳಿ, ಕುರ್ಚಿಯನ್ನು ಅತ್ತಿತ್ತ ತಿರುಗಿಸಿದರು.

"ಯಾರೂ ಕೇಳ್ತಾ ಇಲ್ವಲ್ಲ ಮೇಡಂ. ನೀವಾಗಿ ಯಾಕೆ ಹೇಳೋಕೆ ಹೋಗ್ತೀರಿ?"

"ತಪ್ಪು ಅಂತ ಗೊತ್ತಾಯ್ತಲ್ಲ ಸರ್."

"ನಿಮಗೆ ಗೊತ್ತಾಯ್ತು, ಸಾಕಲ್ಲ? ಸಂಸ್ಥೆ ಹೆಸರು ಅಂತ ಒಂದಿದೆ."

ಮೇಡಂ ಬರೆದೇ ಬರೆದರು. ಬಾಲ ರಬ್ಬರ್ ಬಿರಡೆಯದು, ಜೋಡಿ ಎಂಬುದಿಲ್ಲ, ಇಷ್ಟು ವರ್ಷದ ನಮ್ಮ ಪ್ರಬಂಧಗಳನ್ನು ಯಾರೂ ನೆಚ್ಚಬೇಡಿ ಎಂದು ಚಿಕ್ಕದೊಂದು ಟಿಪ್ಪಣಿ. ಅದು ಪತ್ರಿಕೆಯೊಂದರ ಕೊನೆಯ ಪುಟದಲ್ಲಿ, ಸಲಕರಣೆಯ ಜಾಹೀರಾತಿನ ಎದುರಿಗೆ ಅಚ್ಚಾಯಿತು. ಬೈಗುಳ ಬರುತ್ತದೆ, ಗೇಲಿ ಬರುತ್ತದೆ ಎಂದು ಮೇಡಂ ಮೈಯೆಲ್ಲಾ ಗಟ್ಟಿಮಾಡಿಕೊಂಡು ಕೂತಿದ್ದರು. ಏನೂ ಬರಲಿಲ್ಲ. ಅಂದು ಬಾಲ ಕಾಣಲಿಲ್ಲ ಎಂದು ಬರೆದಿದ್ದ ದೂರದ ದೇಶದವರಲ್ಲಿ ಒಬ್ಬರು ತೀರಿಕೊಂಡಿದ್ದರು, ಉಳಿದವರು ಬೇರೆ ಕೆಲಸಕ್ಕೆ ಹೋಗಿದ್ದರು. ಊಟದ ಮನೆಯಲ್ಲಿ ಸಹೋದ್ಯೋಗಿಗಳು ಅವರನ್ನು ಕಂಡರೆ ಮಳೆ ಬಿಸಿಲಿನ ಮಾತಾಡುತ್ತಿದ್ದರು.

ಅವರು ಹೋದ ಕೊನೆಯ ಸಭೆಯಲ್ಲಿ ಒಬ್ಬ ಯುವಕ ಚಹಾದ ಲೋಟ ಹಿಡಿದುಕೊಂಡು ಓಡಿಬಂದ. "ಮೇಡಂ, ನಿಮ್ಮ ಜೋಡಿ ಅಣುವಿನ ಪ್ರಬಂಧಾನೇ ನಮ್ಮ ಕೆಲಸಕ್ಕೆ ಅಡಿಪಾಯ."

"ಅದು ತಪ್ಪು ಅಂತ ಬರೆದಿದ್ದೀನಲ್ಲಪ್ಪ."

"ಹೌದಾ? ನೋಡಿಲ್ಲ ಮೇಡಂ. ಆದ್ರೆ ನಮಗೂ ಆ ಬಾಲ ಸಿಕ್ತಲ್ಲ. ತುಂಬಾ ಚೆನ್ನಾಗಿ ಬಂದಿದೆ."

"ಶೀಸೆಗೆ ಯಾವ ಬಿರಡೆ ಹಾಕ್ತೀರಿ?"

ಮೇಡಂ ತಮಾಷೆ ಮಾಡುತ್ತಿದ್ದಾರೆಂದು ಅವನು ಜೋರಾಗಿ ನಕ್ಕ. ಅವನ ಗುಂಪಿನವರು ಕರೆದರು, ಹೋದ. ಅವನ ಪ್ರಬಂಧ ಮರುವರ್ಷ ಅಚ್ಚಾಗಿ ಬಂತು. ಮೊದಲ ಸಾಲಿನಲ್ಲೇ ಮೇಡಂ ಅವರ, ಮೇಷ್ಟ್ರ ಹೆಸರಿತ್ತು. ಮೇಡಂ ಆ ಪತ್ರಿಕೆಗೂ ಬರೆದರು. ಪರಿಶೀಲಿಸುತ್ತೇವೆ ಎಂದರು. ಆಮೇಲೆ ಸುದ್ದಿಯಿಲ್ಲ.

ನಿವೃತ್ತಿಯ ದಿನ ನಿರ್ದೇಶಕರು ಎರಡು ಮಾತಾಡಿ, ಗಡಿಯಾರವೊಂದನ್ನು ಕೊಟ್ಟರು. ನೆಲಮಾಳಿಗೆಯ ಕೋಣೆಗೆ ಹಳೆಯ ಕಂಪ್ಯೂಟರುಗಳನ್ನು ತಂದು ತುಂಬಿದರು. ಕಿಟಕಿಯ ಕಪ್ಪು ಬಣ್ಣವನ್ನು ಯಾರೋ ಕೆರೆದು ತೆಗೆದರು. ಯಂತ್ರದ ಕನ್ನಡಿಗಳನ್ನು ವಿದ್ಯಾರ್ಥಿಗಳು ಹಂಚಿಕೊಂಡರು. ಉಳಿದದ್ದು ಗುಜರಿಗೆ ಹೋಯಿತು.

ಕೆಲವು ವರ್ಷ ಕಳೆದ ಮೇಲೆ, ಅಡುಗೆಮನೆಯ ಗೋಡೆ ಹೊಗೆ ಹಿಡಿದಿದೆ ಎಂದು ಗಂಡ ಹೆಂಡತಿ ಬಣ್ಣದ ಅಂಗಡಿಗೆ ಹೋದರು. ಸಾಲಾಗಿ ಜೋಡಿಸಿಟ್ಟ ಡಬ್ಬಗಳು, ಬಣ್ಣದ ಚೀಟಿಗಳು, ಒಂದು ಮೂಲೆಯಲ್ಲಿ ಬೇಕಾದ ಬಣ್ಣ ಕಲಸಿಕೊಡುವ ಯಂತ್ರ. ಯಂತ್ರದ ಹತ್ತಿರ ಎತ್ತರದ ಹೆಂಗಸೊಬ್ಬಳು ಗಿರಾಕಿಗಳ ಬಟ್ಟೆಯ ತುಣುಕು, ಗೋಡೆಯ ಹಕ್ಕಳೆ ತೆಗೆದುಕೊಂಡು ಸಣ್ಣ ಅಳತೆಯ ಸಾಧನಕ್ಕಿಟ್ಟು ಬಣ್ಣ ಹೊಂದಿಸುತ್ತಿದ್ದಳು. ಮೇಲಿನ ಅರೆಯ ಡಬ್ಬವನ್ನು ನಿಂತಲ್ಲಿಂದಲೇ ತೆಗೆದಳು. ಮೇಡಂಗೆ ಗುರುತು ಹತ್ತಿತು.

ಗಂಡ ಅವಳನ್ನು ಎಂದೂ ನೋಡಿರಲಿಲ್ಲ. "ನೋಡಮ್ಮಾ, ಅಡುಗೆಮನೆಗೆ ಒಂದು ಒಳ್ಳೇ ಹಳದಿ ಬೇಕು. ನಮ್ಮನೆಯವರನ್ನೇ ಕೇಳು. ಬಣ್ಣ, ಬೆಳಕು ಅಂತಾನೇ ಜೀವ ತೇಯ್ದೋರು ಇವರು" ಎಂದು ಉತ್ಸಾಹದಿಂದ ಹೇಳಿದರು.

ಅವಳು ತಲೆಯೆತ್ತಿದಳು. ಮುಖದಲ್ಲಿ ಏನೂ ಕದಲಲಿಲ್ಲ.

"ಯಾವ ಹಳದಿ ಕೊಡ್ಲಿ ಮೇಡಂ?"

"ನೀನೇ ಹೇಳು" ಎಂದರು ಮೇಡಂ. "ಅಮ್ಮ ಹೇಗಿದಾರೆ?"

"ಹೋದ್ರು. ಕೊನೆಗೆ ಪೂರ್ತಿ ಕಣ್ಣು ಹೋಗಿತ್ತು." ಅವಳು ಒಂದು ಚೀಟಿ ತೆಗೆದು ಮುಂದಿಟ್ಟಳು. "ಇದು ತಗೊಳ್ಳಿ. ಬೇಗ ಮಾಸಲ್ಲ."

ಗಂಡ ಬೇರೆ ಚೀಟಿಗಳನ್ನು ನೋಡುತ್ತಾ ಆಚೆ ಹೋದಾಗ ಮೇಡಂ ಮೆಲ್ಲಗೆ, "ಅವತ್ತು ನಾನು ಒಂದು ಮಾತು ಹೇಳಬೇಕಿತ್ತೇನೋ" ಎಂದರು.

ಏಣಿ ಡಬ್ಬದ ಮುಚ್ಚಳವನ್ನು ಸುತ್ತಿಗೆಯಿಂದ ಸುತ್ತಲೂ ತಟ್ಟಿ ಬಿಗಿಮಾಡಿದಳು.

"ನೀವು ಮಾಡಿದ್ದು ಸರೀನೇ ಮೇಡಂ. ನಾನು ಎಷ್ಟು ಸಲ ಯೋಚ್ನೆ ಮಾಡಿದ್ರೂ ಸರೀನೇ. ತಪ್ಪು ಮಾಡಿದ್ದಿದ್ರೆ ನಿಮ್ಮನ್ನ ಬೈಕೊಂಡಾದ್ರೂ ಇರ್ತಿದ್ದೆ." ಡಬ್ಬವನ್ನು ಅವರ ಕಡೆ ಸರಿಸಿದಳು. "ಬೇರೆ ಕಡೇನೂ ಅಂಗಡಿ ಇದೆ ಮೇಡಂ. ಮುಂದಿನ ಸಲ ಅಲ್ಲಿಗೆ ಹೋಗಿ."

ದಾರಿಯಲ್ಲಿ ಅವಳು ಯಾರೆಂದು ತಿಳಿದಾಗ ಗಂಡ ರಸ್ತೆಯ ನಡುವೆಯೇ ನಿಂತುಬಿಟ್ಟರು. ವಾಪಸು ಹೋಗಿ ಏನಾದರೂ ಮಾತಾಡೋಣ ಎಂದರು. ಏನು ಮಾತಾಡುವುದು ಎಂದು ಮೇಡಂ ಕೇಳಿದರು. ಗಂಡ ಡಬ್ಬವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿಕೊಂಡು ನಡೆದರು.

ಗೋಡೆಗೆ ಗಂಡನೇ ಬಣ್ಣ ಬಳಿದರು. ಚೆನ್ನಾಗಿ ಕೂತಿತು, ಒಂದು ಕಡೆಯೂ ಹೆಚ್ಚುಕಡಿಮೆ ಇಲ್ಲ. ಅವಳು ಬಣ್ಣವನ್ನು ಅಳೆದು ಕಲಸಿದ್ದು ಅಷ್ಟು ಸರಿಯಾಗಿತ್ತು. ಬೆಳಿಗ್ಗೆ ಕಿಟಕಿಯಿಂದ ಬಿಸಿಲು ಬಿದ್ದರೆ ಕೋಣೆಯೆಲ್ಲಾ ಹೊಳೆಯುತ್ತಿತ್ತು. ಮೇಡಂ ಬಾಗಿಲವರೆಗೆ ಬಂದು, ನೋಡಿ, ಹಿಂದಿರುಗಿ ಹಾಲಿನಲ್ಲಿ ಕೂತುಬಿಡುತ್ತಿದ್ದರು. ಆಮೇಲಾಮೇಲೆ ಅಡುಗೆಯನ್ನೂ ಗಂಡನೇ ಮಾಡತೊಡಗಿದರು.